ಎಮ್ಯುಲೇಟರ್‌ನಲ್ಲಿ ಹಳೆ ವಿಂಡೋಸ್ ಹಾಕಿದ್ದೀರಿ, ಸಿಡಿ ಹಾಡು ಮಾತ್ರ ಕೇಳಿಸ್ತಿಲ್ವಾ? ದೋಷ ಹುಡುಕೋ ದಾರಿ

ಆಟ ಓಡ್ತಿದೆ, ಗುಂಡಿನ ಸದ್ದು ಬರ್ತಿದೆ, ಬಾಗಿಲು ತೆಗೆದ್ರೆ ಕಿರ್ರ್ ಅನ್ನತ್ತೆ, ಆದ್ರೆ ಹಿನ್ನೆಲೆ ಸಂಗೀತ ಮಾತ್ರ ಇಲ್ಲ. ವಿಂಡೋಸ್ 95, 98 ಅಥವಾ ಅದಕ್ಕೂ ಹಿಂದಿನ ಡಾಸ್ ಅನ್ನ ಎಮ್ಯುಲೇಟರ್‌ನಲ್ಲಿ, ಅಂದ್ರೆ ಹಳೆ ಕಂಪ್ಯೂಟರ್ ಥರ ನಡ್ಕೊಳ್ಳೋ ಪ್ರೋಗ್ರಾಂನಲ್ಲಿ, ಹಾಕ್ಕೊಂಡು ಹಳೆ ಸಿಡಿ ಆಟ ಆಡೋಕೆ ಕೂತವರಿಗೆ ಇದು ಒಂದಲ್ಲ ಒಂದು ದಿನ ಎದುರಾಗೇ ಆಗತ್ತೆ. ನಂಗೂ ಆಯ್ತು, ಎರಡು ವಾರಾಂತ್ಯ ಪೂರ್ತಿ ಅದಕ್ಕೇ ಹೋಯ್ತು, ಸೌಂಡ್ ಕಾರ್ಡ್ ಡ್ರೈವರ್ ನಾಲ್ಕು ಸಲ ತೆಗೆದು ಮತ್ತೆ ಹಾಕ್ದೆ, ವಿಂಡೋಸನ್ನೇ ಒಂದು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡ್ದೆ, ಕೊನೆಗೆ ನೋಡಿದ್ರೆ ಡ್ರೈವರ್‌ಗೂ ಈ ತೊಂದ್ರೆಗೂ ಸಂಬಂಧಾನೇ ಇರ್ಲಿಲ್ಲ. ಆ ಸಂಗೀತ ಇಲ್ದೆ ಆ ಆಟ ಅರ್ಧ ಆಟ, ಅದಕ್ಕೇ ಬಿಡೋಕೆ ಮನಸ್ಸಾಗ್ಲಿಲ್ಲ. ಹುಡುಕ್ತಾ ಹುಡುಕ್ತಾ ಗೊತ್ತಾಗಿದ್ದನ್ನೆಲ್ಲ ಇಲ್ಲಿ ಬರೀತಿದ್ದೀನಿ, ಸುಮ್ನೆ ಮೇಲಿಂದ ಕೆಳಗೆ ಮಾಡ್ತಾ ಹೋದ್ರೆ ಎಲ್ಲಿ ಕಟ್ಟಾಗಿದೆ ಅನ್ನೋದು ಸಿಕ್ಕೇ ಸಿಗತ್ತೆ.

ಹಾಡು ಯಾವ ದಾರೀಲಿ ಬರತ್ತೆ ಅಂತ ಮೊದ್ಲು ತಿಳ್ಕೊಳ್ಳಿ

ಇದೊಂದು ಅರ್ಥ ಆದ್ರೆ ಮುಕ್ಕಾಲು ಕೆಲಸ ಮುಗೀತು, ಅದಕ್ಕೇ ಸ್ವಲ್ಪ ಎಳೆದು ಹೇಳ್ತೀನಿ.

ಸಿಡಿ ಹಾಡು ಅಂದ್ರೆ ಫೈಲ್ ಅಲ್ಲ. ಗುಂಡಿನ ಸದ್ದು, ಬಾಗಿಲ ಸದ್ದು ಇವೆಲ್ಲ ಫೈಲ್‌ಗಳು, ಸಿಪಿಯು ಅದನ್ನ ಓದಿ ಸೌಂಡ್ ಕಾರ್ಡ್‌ಗೆ ಕೊಡತ್ತೆ. ಸಿಡಿ ಹಾಡು ಹಂಗಲ್ಲ. 1980ರಲ್ಲಿ ಫಿಲಿಪ್ಸ್ ಮತ್ತೆ ಸೋನಿ ಸೇರಿ ಮಾಡಿದ ರೆಡ್ ಬುಕ್ ನಿಯಮದ ಪ್ರಕಾರ ಅದು ಡಿಸ್ಕ್ ಮೇಲೆ ಬೇರೆ ಟ್ರ್ಯಾಕ್ ಆಗಿ ಕೂತಿರತ್ತೆ, ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದೂ 16 ಬಿಟ್, ಎಡ ಬಲ ಎರಡು ಚಾನೆಲ್. ಫೈಲ್ ಸಿಸ್ಟಂ, ಫೋಲ್ಡರ್ ಯಾವುದೂ ಅಲ್ಲಿ ಇಲ್ಲ. ಹಳೆ ಕಂಪ್ಯೂಟರ್‌ನಲ್ಲಿ ಆಟ ಏನ್ ಮಾಡ್ತಿತ್ತು ಅಂದ್ರೆ, ಸಿಡಿ ಡ್ರೈವ್‌ಗೆ "ಮೂರನೇ ಟ್ರ್ಯಾಕ್ ಹಾಕು" ಅಂತ ಒಂದು ಕಮಾಂಡ್ ಕಳಿಸಿ ತನ್ನ ಪಾಡಿಗೆ ತಾನು ಇರ್ತಿತ್ತು. ಡ್ರೈವೇ ಓದಿ, ಡ್ರೈವೇ ಅದನ್ನ ಅನಲಾಗ್ ಸದ್ದಾಗಿ ಮಾಡಿ, ಹಿಂದ್ಗಡೆ ನಾಲ್ಕು ಪಿನ್ನಿನ ಒಂದು ಸಣ್ಣ ವೈರ್‌ನಲ್ಲಿ ನೇರವಾಗಿ ಸೌಂಡ್ ಕಾರ್ಡ್‌ಗೆ ಕಳಿಸ್ತಿತ್ತು. ಸಿಪಿಯುಗೆ ಹಾಡಿನ ಒಂದು ಬೈಟೂ ಸಿಗ್ತಿರ್ಲಿಲ್ಲ. ಸೌಂಡ್ ಕಾರ್ಡ್ ಮಿಕ್ಸರ್‌ನಲ್ಲಿ, ಅಂದ್ರೆ ಬೇರೆ ಬೇರೆ ಸದ್ದುಗಳನ್ನ ಸೇರಿಸೋ ಭಾಗದಲ್ಲಿ, ಆ ವೈರ್‌ಗೆ ಅಂತಾನೇ ಬೇರೆ ವಾಲ್ಯೂಮ್ ಇರ್ತಿತ್ತು. ಆವಾಗಿನ ಕಾಲದಲ್ಲಿ ಕಂಪ್ಯೂಟರ್ ಜೋಡಿಸ್ದೋರು ಆ ವೈರ್ ಹಾಕೋದು ಮರೆತ್ರೆ ಇವತ್ತು ನಮಗೆ ಆಗ್ತಿರೋದೇ ಆಗ್ತಿತ್ತು, ಎಲ್ಲಾ ಸದ್ದು ಬರ್ತಿತ್ತು, ಹಾಡು ಇಲ್ಲ.

ಅಂದ್ರೆ ನಾಲ್ಕು ಕಡೆ ಕಟ್ಟಾಗ್ಬಹುದು. ಡಿಸ್ಕ್ ಇಮೇಜಲ್ಲಿ, ಅಂದ್ರೆ ಸಿಡಿಯನ್ನ ಫೈಲ್ ಆಗಿ ಮಾಡಿಟ್ಟ ನಕಲಲ್ಲಿ, ಹಾಡೇ ಇಲ್ದಿರಬಹುದು. ಹಾಡಿದ್ರೂ ಎಮ್ಯುಲೇಟರ್‌ನ ಸಿಡಿ ಡ್ರೈವ್‌ಗೆ ಹಾಡೋಕೆ ಬರ್ದೇ ಇರಬಹುದು. ಡ್ರೈವ್ ಹಾಡ್ತಿದ್ರೂ ಆ "ವೈರ್", ಅಂದ್ರೆ ಮಿಕ್ಸರ್, ಮುಚ್ಚಿರಬಹುದು. ಇಲ್ಲಾಂದ್ರೆ ಇವೆಲ್ಲ ಸರಿಯಿದ್ದು ಆಟ ತಪ್ಪು ಡ್ರೈವನ್ನ ಕೇಳ್ತಿರಬಹುದು. ಗುಂಡಿನ ಸದ್ದು ಬರ್ತಿದೆ ಅಂದ್ಮೇಲೆ ಸೌಂಡ್ ಡ್ರೈವರ್ ಬಹುತೇಕ ಚೆನ್ನಾಗೇ ಇದೆ, ದಯವಿಟ್ಟು ಅದನ್ನ ಮುಟ್ಬೇಡಿ.

ಮೊದಲ ಪರೀಕ್ಷೆ: ಕೌಂಟರ್ ಓಡತ್ತಾ?

ಆಟ ಪಕ್ಕಕ್ಕಿಡಿ. ವಿಂಡೋಸ್ 95 ಅಥವಾ 98 ಒಳಗಡೆ ಆಕ್ಸೆಸರೀಸ್ ಮೆನುನಲ್ಲಿ ಸಿಡಿ ಪ್ಲೇಯರ್ ಅಂತ ಇರತ್ತೆ, ಇಲ್ದಿದ್ರೆ ಕಂಟ್ರೋಲ್ ಪ್ಯಾನೆಲ್‌ನ ಆಡ್ ರಿಮೂವ್ ಪ್ರೋಗ್ರಾಮ್ಸ್‌ನಲ್ಲಿ ಮಲ್ಟಿಮೀಡಿಯಾ ಕೆಳಗೆ ಟಿಕ್ ಹಾಕಿ ಸೇರಿಸ್ಕೊಳ್ಳಿ. ಅದನ್ನ ತೆಗೆದು, ಟ್ರ್ಯಾಕ್ ಪಟ್ಟಿ ನೋಡಿ, ಎರಡನೇ ಟ್ರ್ಯಾಕ್ ಹಾಕಿ ಪ್ಲೇ ಒತ್ತಿ. ಎರಡನೇದು ಯಾಕೆ ಅಂದ್ರೆ ಆಟದ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಟ್ರ್ಯಾಕ್ ಡೇಟಾ, ಎರಡರಿಂದ ಹಾಡು.

ಈಗ ಸದ್ದನ್ನ ಮರೆತು ಬರೀ ಸಮಯದ ಅಂಕಿ ನೋಡಿ.

ಟ್ರ್ಯಾಕೇ ಕಾಣ್ಸದೆ "ಡಿಸ್ಕ್ ಹಾಕಿ" ಅಂದ್ರೆ, ಅಥವಾ ಒಂದೇ ಒಂದು ಟ್ರ್ಯಾಕ್ ಇದೆ ಅಂದ್ರೆ, ತೊಂದ್ರೆ ಇಮೇಜಲ್ಲಿ ಅಥವಾ ಅದನ್ನ ಮೌಂಟ್ ಮಾಡಿದ, ಅಂದ್ರೆ ಎಮ್ಯುಲೇಟರ್‌ನ ಸಿಡಿ ಡ್ರೈವ್‌ಗೆ ಹಾಕಿದ ರೀತೀಲಿ. ಟ್ರ್ಯಾಕ್ ಎಲ್ಲ ಕಾಣ್ಸತ್ತೆ ಆದ್ರೆ ಪ್ಲೇ ಒತ್ತಿದ್ರೆ ಅಂಕಿ ಸೊನ್ನೆಯಲ್ಲೇ ನಿಂತಿದೆ ಅಂದ್ರೆ ಎಮ್ಯುಲೇಟರ್‌ನ ಡ್ರೈವ್ ಪ್ಲೇ ಕಮಾಂಡನ್ನ ತಗೊಳ್ತಿಲ್ಲ. ಅಂಕಿ ಒಂದು, ಎರಡು, ಮೂರು ಅಂತ ಓಡ್ತಿದೆ, ಸದ್ದಿಲ್ಲ ಅಂದ್ರೆ ಡ್ರೈವ್ ಹಾಡ್ತಿದೆ, ಮಿಕ್ಸರ್ ಮುಚ್ಚಿದೆ. ಸದ್ದೂ ಬಂತು ಅಂದ್ರೆ ತೊಂದ್ರೆ ಆಟದ ಕಡೆ. ಈ ಒಂದು ಪರೀಕ್ಷೆ ನಂಗೆ ಮೊದಲ ದಿನಾನೇ ಗೊತ್ತಿದ್ದಿದ್ರೆ ಆ ಎರಡು ವಾರಾಂತ್ಯ ಉಳೀತಿತ್ತು. ನಿಮ್ಮದು ಯಾವ ಥರ ಅಂತ ನೋಡ್ಕೊಂಡು ಕೆಳಗೆ ಆ ಜಾಗಕ್ಕೇ ಹೋಗ್ಬಹುದು.

ಇಮೇಜಲ್ಲಿ ಹಾಡಿದ್ಯಾ?

ನಂದು ಮೊದಲು ಸಿಕ್ಕಾಕ್ಕೊಂಡಿದ್ದು ಇಲ್ಲೇ, ಮತ್ತೆ ನಾನು ನೋಡಿದ ಮಟ್ಟಿಗೆ ಜಾಸ್ತಿ ಜನ ಸಿಕ್ಕಾಕ್ಕೊಳ್ಳೋದೂ ಇಲ್ಲೇ. ಆಟದ ಡಿಸ್ಕನ್ನ ಐಎಸ್ಒ ಫೈಲ್ ಮಾಡಿ ಇಟ್ಕೊಂಡಿದ್ದೆ. ಐಎಸ್ಒ ಅನ್ನೋ ಫೈಲ್‌ನಲ್ಲಿ ಹಾಡು ಇರೋಕೇ ಸಾಧ್ಯ ಇಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಸಿಡಿ ಮೇಲೆ ಒಂದೊಂದು ಸೆಕ್ಟರ್ 2352 ಬೈಟ್. ಡೇಟಾ ಸೆಕ್ಟರ್ ಆದ್ರೆ ಅದ್ರಲ್ಲಿ 2048 ಬೈಟ್ ಮಾತ್ರ ನಿಮ್ಮ ಡೇಟಾ, ಉಳಿದದ್ದು ವಿಳಾಸ ಮತ್ತೆ ತಪ್ಪು ತಿದ್ದೋ ಕೋಡು. ಹಾಡಿನ ಸೆಕ್ಟರ್‌ನಲ್ಲಿ 2352ಕ್ಕೆ 2352 ಪೂರ್ತಿ ಹಾಡೇ. ಐಎಸ್ಒ ಅಂದ್ರೆ ಡೇಟಾ ಟ್ರ್ಯಾಕಿನ ಆ 2048 ಬೈಟ್‌ಗಳನ್ನ ಮಾತ್ರ ಸಾಲಾಗಿ ಜೋಡಿಸಿದ್ದು. ಹಾಡಿನ ಟ್ರ್ಯಾಕಿಗೆ ಅಲ್ಲಿ ಜಾಗಾನೂ ಇಲ್ಲ, ಎಷ್ಟು ಟ್ರ್ಯಾಕ್ ಇದೆ ಅಂತ ಬರೆಯೋ ಪಟ್ಟೀನೂ ಇಲ್ಲ. ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಹಾಕಿ ಡಿಸ್ಕ್ ಕಾಪಿ ಮಾಡೋರಿಗೂ ಇದೇ ಕಥೆ, ಡೇಟಾ ಮುಗಿದು ಹಾಡು ಶುರುವಾಗೋ ಕಡೆ ಅದು ಎರರ್ ಕೊಟ್ಟು ನಿಂತ್ಬಿಡತ್ತೆ.

ಗಾತ್ರ ನೋಡಿದ್ರೆ ಗೊತ್ತಾಗತ್ತೆ. ಹಾಡು ಸೆಕೆಂಡಿಗೆ 75 ಸೆಕ್ಟರ್, ಅಂದ್ರೆ 1,76,400 ಬೈಟ್. ಮೂರು ನಿಮಿಷದ ಒಂದು ಹಾಡು ಅಂದ್ರೆ ಹತ್ತತ್ರ 32 ಎಂಬಿ, ಅಂಥ ಹನ್ನೆರಡು ಹಾಡು ಅಂದ್ರೆ 380 ಎಂಬಿ. ನನ್ನ ಐಎಸ್ಒ 46 ಎಂಬಿ ಇತ್ತು. ಡಿಸ್ಕ್ ತಿರುಗಿಸಿ ಹೊಳೆಯೋ ಕಡೆ ಬೆಳಕಿಗೆ ಹಿಡಿದ್ರೆ ಬರೆದಿರೋ ಭಾಗ ಒಳಗಿಂದ ಅರ್ಧಕ್ಕಿಂತ ಜಾಸ್ತಿ ದೂರ ಹೋಗಿರೋದು ಕಣ್ಣಿಗೇ ಕಾಣ್ತಿತ್ತು. 46 ಎಂಬಿಗೆ ಅಷ್ಟು ಜಾಗ ಬೇಡ್ವಲ್ಲ, ಆವಾಗ ತಲೇಲಿ ದೀಪ ಹತ್ತಿದ್ದು.

ಹಂಗಾದ್ರೆ ಏನ್ ಮಾಡ್ಬೇಕು ಅಂದ್ರೆ ಡಿಸ್ಕನ್ನ ಬಿನ್ ಮತ್ತು ಕ್ಯೂ ಜೋಡಿಯಾಗಿ ಮತ್ತೆ ಕಾಪಿ ಮಾಡಿ. ಬಿನ್ ಫೈಲ್‌ನಲ್ಲಿ ಪೂರ್ತಿ 2352 ಬೈಟಿನ ಸೆಕ್ಟರ್‌ಗಳು ಇರ್ತಾವೆ, ಕ್ಯೂ ಅನ್ನೋದು ಸಣ್ಣ ಟೆಕ್ಸ್ಟ್ ಫೈಲ್, ಯಾವ ಟ್ರ್ಯಾಕ್ ಎಲ್ಲಿ ಶುರು ಅನ್ನೋ ಪಟ್ಟಿ. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಅನ್ನೋ ಪ್ರೋಗ್ರಾಂ ಡಿಸ್ಕ್‌ನಲ್ಲಿ ಹಾಡಿನ ಟ್ರ್ಯಾಕ್ ಕಂಡ್ರೆ ತಾನಾಗೇ ಬಿನ್ ಕ್ಯೂ ಮಾಡತ್ತೆ. ಲಿನಕ್ಸ್‌ನಲ್ಲಿ ಸಿಡಿಆರ್‌ಡಿಎಒ ಇದೆ, ಅದ್ರಲ್ಲಿ ಒಂದು ತಿರುವು ಇದೆ, ಕೆಳಗೆ ಸದ್ದು ಕೆಟ್ಟು ಬರೋ ಕಡೆ ಹೇಳ್ತೀನಿ. ಕೈಲಿರೋ ಐಎಸ್ಒನ ಬಿನ್‌ಗೆ ಕನ್ವರ್ಟ್ ಮಾಡೋ ಟೂಲ್‌ಗಳು ಸಿಗ್ತಾವೆ, ಅದ್ರಿಂದ ಏನೂ ಉಪಯೋಗ ಇಲ್ಲ, ಇಲ್ದಿರೋ ಹಾಡು ಕನ್ವರ್ಟ್ ಮಾಡಿದ್ರೆ ಹುಟ್ಟಲ್ಲ. ಮೂಲ ಡಿಸ್ಕೇ ಬೇಕು.

ಬಿನ್ ಕ್ಯೂ ಇದ್ದೂ ಟ್ರ್ಯಾಕ್ ಕಾಣ್ತಿಲ್ಲ ಅಂದ್ರೆ ಎರಡು ತಪ್ಪು ನೋಡಿ. ಒಂದು, ನೀವು ಬಿನ್ ಫೈಲನ್ನೇ ಮೌಂಟ್ ಮಾಡಿರ್ತೀರಿ. ಮೌಂಟ್ ಮಾಡ್ಬೇಕಾಗಿರೋದು ಕ್ಯೂ ಫೈಲನ್ನ. ಬಿನ್ ಕೊಟ್ರೂ ಕೆಲವು ಎಮ್ಯುಲೇಟರ್ ಅದನ್ನ ಒಂದೇ ಟ್ರ್ಯಾಕಿನ ಡೇಟಾ ಡಿಸ್ಕ್ ಅನ್ಕೊಂಡು ಓದಿಬಿಡತ್ತೆ, ಆಟ ಇನ್‌ಸ್ಟಾಲ್ ಆಗತ್ತೆ, ಓಡತ್ತೆ, ಎಲ್ಲ ಸರಿ ಇದೆ ಅಂತ ಅನ್ಸತ್ತೆ, ಹಾಡು ಮಾತ್ರ ಇಲ್ಲ. ಡಾಸ್ ಆಟಗಳ ಎಮ್ಯುಲೇಟರ್ ಡಾಸ್‌ಬಾಕ್ಸ್‌ನಲ್ಲಿ ಇಮೇಜ್ ಹಾಕೋ ಇಮ್ಗ್‌ಮೌಂಟ್ ಕಮಾಂಡ್ ಕೊಡುವಾಗ ಟೈಪ್ ಐಎಸ್ಒ ಅಂತಾನೇ ಬರೀತೀವಿ, ಅದನ್ನ ನೋಡಿ ಗೊಂದಲ ಮಾಡ್ಕೋಬೇಡಿ, ಟೈಪ್ ಐಎಸ್ಒನೇ ಇರ್ಲಿ, ಫೈಲ್ ಹೆಸರು ಮಾತ್ರ ಕ್ಯೂ ಫೈಲಿಂದು ಕೊಡಿ. ಇನ್ನು ಸಿಡಿಯ ಫೈಲ್‌ಗಳನ್ನ ಒಂದು ಫೋಲ್ಡರ್‌ಗೆ ಕಾಪಿ ಮಾಡಿ ಆ ಫೋಲ್ಡರನ್ನ ಸಿಡಿ ಅಂತ ಮೌಂಟ್ ಮಾಡಿದ್ರೂ ಹಾಡು ಬರಲ್ಲ, ಹಾಡು ಫೈಲ್ ಅಲ್ಲ ಅಂತ ಮೇಲೇ ಹೇಳಿದ್ನಲ್ಲ.

ಎರಡನೇದು, ಕ್ಯೂ ಫೈಲ್ ಒಳಗಿನ ಹೆಸರು. ಅದನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ. ಮೊದಲ ಸಾಲಿನಲ್ಲಿ ಬಿನ್ ಫೈಲಿನ ಹೆಸರು ಇರತ್ತೆ, ಆಮೇಲೆ ಟ್ರ್ಯಾಕ್ 01 ಮೋಡ್ 1, 2352 ಅಂತ, ಆಮೇಲೆ ಟ್ರ್ಯಾಕ್ 02 ಆಡಿಯೋ ಅಂತ, ಒಂದೊಂದರ ಕೆಳಗೂ ಇಂಡೆಕ್ಸ್ 01 ಅಂತ ಒಂದು ಸಮಯ. ನೀವು ಬಿನ್ ಫೈಲನ್ನ ರೀನೇಮ್ ಮಾಡಿ ಕ್ಯೂ ಒಳಗೆ ಬದಲಾಯಿಸಿಲ್ಲ ಅಂದ್ರೆ ಅದು ಹುಡುಕೋ ಫೈಲ್ ಸಿಗಲ್ಲ. ಹೆಸರಿನ ಜೊತೆ ಯಾವುದೋ ಹಳೆ ಕಂಪ್ಯೂಟರಿನ ಪೂರ್ತಿ ಪಾಥ್ ಇದ್ರೆ ಅದನ್ನ ಅಳಿಸಿ ಬರೀ ಹೆಸರು ಬಿಡಿ. ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅಂತ ನೋಡತ್ತೆ, ಅದೂ ಹೊಂದಬೇಕು.

ಬಿನ್ ಅರ್ಧಕ್ಕೇ ಕಟ್ಟಾಗಿದ್ಯಾ ಅಂತ ಲೆಕ್ಕ ಹಾಕೋದೂ ಸುಲಭ. ಎಲ್ಲಾ ಟ್ರ್ಯಾಕೂ ಒಂದೇ ಬಿನ್‌ನಲ್ಲಿದ್ರೆ, ಕೊನೆ ಟ್ರ್ಯಾಕಿನ ಇಂಡೆಕ್ಸ್ ಸಮಯ ತಗೊಳ್ಳಿ. ಅದು ನಿಮಿಷ, ಸೆಕೆಂಡ್, ಫ್ರೇಮ್ ಅಂತ ಮೂರು ಭಾಗ, ಫ್ರೇಮ್ 0ಯಿಂದ 74ರ ತನಕ. ಉದಾಹರಣೆಗೆ 41 ನಿಮಿಷ 20 ಸೆಕೆಂಡ್ ಅಂತ ಇದ್ರೆ 2480 ಸೆಕೆಂಡ್, ಇಂಟು 75 ಅಂದ್ರೆ 1,86,000 ಸೆಕ್ಟರ್, ಇಂಟು 2352 ಅಂದ್ರೆ 43,74,72,000 ಬೈಟ್. ಬಿನ್ ಫೈಲ್ ಇದಕ್ಕಿಂತ ದೊಡ್ಡದಿರ್ಲೇಬೇಕು. ಜೊತೆಗೆ ಬಿನ್ ಗಾತ್ರವನ್ನ 2352ರಿಂದ ಭಾಗಿಸಿದ್ರೆ ಶೇಷ ಬರಬಾರದು. ಬಂದ್ರೆ ಆ ಕಾಪಿ ನಂಬಬೇಡಿ, ಮತ್ತೆ ಮಾಡಿ.

ಎಮ್ಯುಲೇಟರ್‌ಗೆ ಹಾಡೋಕೆ ಬರತ್ತಾ?

ಇಲ್ಲಿ ಜಾಸ್ತಿ ಹೇಳೋಕಿಲ್ಲ, ಆದ್ರೆ ಇದು ಗೊತ್ತಿಲ್ದೆ ಇದ್ರೆ ಜನ್ಮ ಪೂರ್ತಿ ಸೆಟ್ಟಿಂಗ್ ಬದಲಾಯಿಸ್ತಾ ಕೂರ್ಬೇಕಾಗತ್ತೆ. ಕ್ಯೂಎಮು, ವರ್ಚುವಲ್‌ಬಾಕ್ಸ್ ಥರದವು ಮುಖ್ಯವಾಗಿ ಕೆಲಸದ ಸಿಸ್ಟಂಗಳನ್ನ ಓಡಿಸೋಕೆ ಇರೋವು, ಅವುಗಳ ಸಿಡಿ ಡ್ರೈವ್ ಐಎಸ್ಒ ಓದೋದಕ್ಕೆ ಮಾಡಿದ್ದು, ಇಮೇಜಿಂದ ಹಾಡಿನ ಟ್ರ್ಯಾಕ್ ಪ್ಲೇ ಮಾಡೋ ವ್ಯವಸ್ಥೆ ಅಲ್ಲಿಲ್ಲ. ಅಲ್ಲಿ ಕ್ಯೂ ಫೈಲ್ ಕೊಟ್ಟು ಕಾಯೋದ್ರಲ್ಲಿ ಅರ್ಥ ಇಲ್ಲ, ಎಮ್ಯುಲೇಟರೇ ಬದಲಾಯಿಸ್ಬೇಕು. ಹಳೆ ಯಂತ್ರವನ್ನ ಚಿಪ್ಪಿಂದ ಚಿಪ್ಪಿಗೆ ಅನುಕರಿಸೋ 86ಬಾಕ್ಸ್, ಪಿಸಿಎಮ್ ಇವಕ್ಕೆ ಬಿನ್ ಕ್ಯೂ ಗೊತ್ತು, ಹಾಡೋಕೂ ಗೊತ್ತು. ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಸಾಕು. ವಿಂಡೋಸ್ 95, 98ನ ಡಾಸ್‌ಬಾಕ್ಸ್ ಕುಟುಂಬದಲ್ಲೇ ಓಡಿಸ್ಬೇಕು ಅಂದ್ರೆ ಡಾಸ್‌ಬಾಕ್ಸ್-ಎಕ್ಸ್ ತಗೊಳ್ಳಿ, ಆದ್ರೆ ಅಲ್ಲಿ ಇಮೇಜ್ ಮೌಂಟ್ ಮಾಡುವಾಗ ಐಡಿಇ ಜಾಗಾನೂ, ಅಂದ್ರೆ ಡ್ರೈವ್ ಯಾವ ಕನೆಕ್ಟರ್‌ನಲ್ಲಿದೆ ಅಂತಾನೂ ಹೇಳ್ಬೇಕು, ಸೆಕೆಂಡರಿ ಮಾಸ್ಟರ್ ಅಂದ್ರೆ 2ಎಂ ಅಂತ. ಯಾಕಂದ್ರೆ ಡಾಸ್‌ಬಾಕ್ಸ್ ತನ್ನದೇ ಒಳಗಿನ ಡಾಸ್‌ನಲ್ಲಿ ಸಿಡಿ ತೋರಿಸೋದು ಒಂದು, ನೀವು ಹಾರ್ಡ್ ಡಿಸ್ಕ್ ಇಮೇಜಿಂದ ನಿಜವಾದ ವಿಂಡೋಸ್ ಬೂಟ್ ಮಾಡಿದ್ರೆ ಆ ಒಳಗಿನ ಡಾಸ್ ಹೋಗ್ಬಿಡತ್ತೆ, ಜೊತೆಗೆ ಅದು ತೋರಿಸ್ತಿದ್ದ ಸಿಡೀನೂ ಹೋಗತ್ತೆ. ಐಡಿಇ ಕೊಟ್ರೆ ವಿಂಡೋಸ್‌ಗೆ ನಿಜವಾದ ಡ್ರೈವ್ ಕಂಡ ಹಾಗೆ ಕಾಣತ್ತೆ.

ಕ್ಯೂಎಮುನೇ ಬಿಡೋಕಾಗಲ್ಲ, ಬೇರೆ ಕಾರಣಕ್ಕೆ ಅದೇ ಬೇಕು ಅನ್ನೋರಿಗೆ ವಿಂಡೋಸ್ 98 ಒಳಗಡೆನೇ ಒಂದು ವರ್ಚುವಲ್ ಸಿಡಿ ಡ್ರೈವ್ ಪ್ರೋಗ್ರಾಂ ಹಾಕೋ ದಾರಿ ಇದೆ. ಕ್ಯೂ ಬಿನ್ ಫೈಲನ್ನ ಒಳಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ಅಲ್ಲಿಂದ ಮೌಂಟ್ ಮಾಡೋದು. ಇದು ಸಲೀಸಾಗಿ ಆಗತ್ತೆ ಅಂತ ಮಾತು ಕೊಡಲ್ಲ, ಟ್ರ್ಯಾಕ್ ಕಾಣ್ಸಿದ್ರೂ ಸದ್ದು ಬರೋದು ಒಳಗಿನ ಸೌಂಡ್ ಡ್ರೈವರ್ ಮೇಲೆ ನಿಂತಿರತ್ತೆ. ನನ್ನ ಸಲಹೆ ಕೇಳಿದ್ರೆ 86ಬಾಕ್ಸ್‌ಗೆ ಹೋಗಿ.

ಅಂಕಿ ಓಡತ್ತೆ, ಸದ್ದಿಲ್ಲ

ಬಿನ್ ಕ್ಯೂ ಮಾಡಿ, ಸರಿಯಾದ ಎಮ್ಯುಲೇಟರ್‌ಗೆ ಹಾಕಿ, ಪ್ಲೇ ಒತ್ತಿದ್ರೆ ಅಂಕಿ ಓಡ್ತಿತ್ತು, ಆದ್ರೂ ಮೌನ. ಅವತ್ತು ರಾತ್ರಿ ನಿಜವಾಗ್ಲೂ ಬೇಜಾರಾಯ್ತು. ಆದ್ರೆ ಈ ಸ್ಥಿತಿಗೆ ಬಂದಿದ್ದೀರಿ ಅಂದ್ರೆ ಖುಷಿ ಪಡಿ, ಉಳಿದಿರೋದು ಸುಲಭ.

ಗಡಿಯಾರದ ಪಕ್ಕ ಇರೋ ಸ್ಪೀಕರ್ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿ ವಾಲ್ಯೂಮ್ ಕಂಟ್ರೋಲ್ ತೆಗೀರಿ. ಅಲ್ಲಿ ವೇವ್, ಮಿಡಿ, ಲೈನ್ ಇನ್ ಜೊತೆ ಸಿಡಿ ಆಡಿಯೋ ಅಂತ ಒಂದು ಪಟ್ಟಿ ಇರ್ಬೇಕು. ಕಾಣ್ದೇ ಇದ್ರೆ ಆಪ್ಷನ್ಸ್‌ನಲ್ಲಿ ಪ್ರಾಪರ್ಟೀಸ್‌ಗೆ ಹೋಗಿ ಸಿಡಿ ಆಡಿಯೋಗೆ ಟಿಕ್ ಹಾಕಿ, ಆಮೇಲೆ ಕಾಣತ್ತೆ. ಮ್ಯೂಟ್ ತೆಗೆದು, ಸ್ಲೈಡರ್ ಮೇಲಕ್ಕೆ ಎಳೀರಿ. ನಂದು ಸ್ಲೈಡರ್ ಪೂರ್ತಿ ತಳದಲ್ಲಿತ್ತು, ಮೇಲಕ್ಕೆ ಎಳೆದ ಕ್ಷಣಕ್ಕೆ ಹಾಡು ಬಂತು, ಎಷ್ಟು ವರ್ಷ ಆಗಿತ್ತು ಅದನ್ನ ಕೇಳಿ, ಮೈಯೆಲ್ಲಾ ಜುಮ್ ಅಂತು.

86ಬಾಕ್ಸ್‌ನಲ್ಲಿ ಇನ್ನೊಂದು ಜಾಗ ಇದೆ. ಕಿಟಕಿಯ ಕೆಳಗಿನ ಪಟ್ಟೀಲಿ ಸಿಡಿ ಡ್ರೈವಿನ ಸಣ್ಣ ಚಿತ್ರ ಇರತ್ತೆ, ಅದನ್ನ ಒತ್ತಿದ್ರೆ ಬರೋ ಮೆನುನಲ್ಲಿ ಮ್ಯೂಟ್ ಅಂತ ಇದೆ. ಇಮೇಜ್ ಹಾಕೋಕೆ ಹೋಗಿ ಕೈ ತಪ್ಪಿ ಅದರ ಮೇಲೆ ಕ್ಲಿಕ್ ಆಗಿರತ್ತೆ, ಟಿಕ್ ಇದ್ರೆ ತೆಗೀರಿ. ಡಾಸ್‌ಬಾಕ್ಸ್‌ನಲ್ಲಾದ್ರೆ ಮಿಕ್ಸರ್ ಅಂತ ಟೈಪ್ ಮಾಡಿ ನೋಡಿ, ಸಿಡಿ ಆಡಿಯೋಗೆ ಬೇರೆ ಸಾಲು ಬರತ್ತೆ, ಅದ್ರ ಅಂಕಿ 100:100 ಇದ್ಯಾ ಅಂತ.

ಡಾಸ್‌ನಲ್ಲಿ ವಾಲ್ಯೂಮ್ ಕಿಟಕಿ ಇರಲ್ಲ, ಅದಕ್ಕೆ ಅಲ್ಲಿ ಇದು ಇನ್ನೂ ಕಣ್ಣಿಗೆ ಬೀಳಲ್ಲ. ಸೌಂಡ್ ಬ್ಲಾಸ್ಟರ್ 16 ಅನ್ನೋ ಸೌಂಡ್ ಕಾರ್ಡಿನ ಮಿಕ್ಸರ್ ಚಿಪ್‌ನಲ್ಲಿ ಸಿಡಿ ವಾಲ್ಯೂಮ್‌ಗೆ ಎಡಕ್ಕೊಂದು ಬಲಕ್ಕೊಂದು ಬೇರೆ ರಿಜಿಸ್ಟರ್, ಅಂದ್ರೆ ಅಂಕಿ ಇಡೋ ಜಾಗ, ಇದ್ದಾವೆ, ಯಂತ್ರ ಶುರುವಾದಾಗ ಅವು ತೀರಾ ಕಡಿಮೆಯಲ್ಲಿ ಇರ್ತಾವೆ. ನಿಜವಾದ ಕಾರ್ಡ್ ಜೊತೆ ಬರ್ತಿದ್ದ ಡಿಸ್ಕೆಟ್ಟಿನ ಇನ್‌ಸ್ಟಾಲರ್ ಆಟೋಎಕ್ಸೆಕ್ ಫೈಲ್‌ಗೆ ಒಂದು ಮಿಕ್ಸರ್ ಸೆಟ್ ಮಾಡೋ ಸಾಲು ಸೇರಿಸ್ತಿತ್ತು, ಪ್ರತಿ ಸಲ ಬೂಟ್ ಆದಾಗ ಅದೇ ವಾಲ್ಯೂಮ್ ಎತ್ತುತ್ತಿತ್ತು. ಎಮ್ಯುಲೇಟರ್‌ನಲ್ಲಿ ಡಾಸ್ ಹಾಕ್ದೋರು ಕಾರ್ಡ್ ಎಲ್ಲಿದೆ ಅಂತ ಆಟಕ್ಕೆ ಹೇಳೋ ಬ್ಲಾಸ್ಟರ್ ಅನ್ನೋ ಸೆಟ್ ಸಾಲು ಒಂದನ್ನ ಕೈಯ್ಯಾರೆ ಬರೆದು ಬಿಟ್ಬಿಡ್ತಾರೆ, ಗುಂಡಿನ ಸದ್ದಿಗೆ ಅದು ಸಾಕು, ಹಾಡಿಗೆ ಸಾಲಲ್ಲ. ಆ ಕಾರ್ಡಿನ ಡಾಸ್ ಡ್ರೈವರ್ ಪ್ಯಾಕೇಜ್ ಪೂರ್ತಿ ಹಾಕಿ, ಅದ್ರಲ್ಲಿರೋ ಮಿಕ್ಸರ್ ಪ್ರೋಗ್ರಾಂನಲ್ಲಿ ಸಿಡಿ ವಾಲ್ಯೂಮ್ ಎತ್ತಿ ಸೇವ್ ಮಾಡಿ.

ಇನ್ನು ಡಿಜಿಟಲ್ ಸಿಡಿ ಆಡಿಯೋ ಅನ್ನೋ ಟಿಕ್. ವಿಂಡೋಸ್ 98 ಸೆಕೆಂಡ್ ಎಡಿಷನ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಮಲ್ಟಿಮೀಡಿಯಾದಲ್ಲಿ ಸಿಡಿ ಮ್ಯೂಸಿಕ್ ಅನ್ನೋ ಟ್ಯಾಬಲ್ಲಿದೆ, ವಿಂಡೋಸ್ 2000, ಎಕ್ಸ್‌ಪಿಯಲ್ಲಿ ಡಿವೈಸ್ ಮ್ಯಾನೇಜರ್‌ನಲ್ಲಿ ಸಿಡಿ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ. ಅದನ್ನ ಹಾಕಿದ್ರೆ ದಾರೀನೇ ಬದಲಾಗತ್ತೆ, ಡ್ರೈವ್ ಹಾಡೋ ಬದ್ಲು ವಿಂಡೋಸೇ ಹಾಡಿನ ಸೆಕ್ಟರ್ ಓದಿ ವೇವ್ ಸದ್ದಿನ ಥರ ಸೌಂಡ್ ಕಾರ್ಡ್‌ಗೆ ಕೊಡತ್ತೆ, ಆಗ ವಾಲ್ಯೂಮ್ ಸಿಡಿ ಸ್ಲೈಡರ್ ಅಲ್ಲ, ವೇವ್ ಸ್ಲೈಡರ್ ಕೇಳತ್ತೆ. ಎರಡೂ ರೀತಿ ಮಾಡಿ ನೋಡಿ, ಒಂದ್ರಲ್ಲಿ ಬರ್ದೇ ಇದ್ದದ್ದು ಇನ್ನೊಂದ್ರಲ್ಲಿ ಬರೋದುಂಟು. ಟಿಕ್ ಬಾಕ್ಸ್ ಮಸುಕಾಗಿ ಒತ್ತೋಕೇ ಬರ್ದೇ ಇದ್ರೆ ನಿಮ್ಮ ಡ್ರೈವರ್‌ಗಳು ಅದಕ್ಕೆ ಒಗ್ಗಲ್ಲ ಅಂತ ಅರ್ಥ, ಅದ್ರ ಹಿಂದೆ ಬೀಳ್ಬೇಡಿ.

ಸಿಡಿ ಪ್ಲೇಯರ್‌ನಲ್ಲಿ ಬರತ್ತೆ, ಆಟದಲ್ಲಿ ಬರಲ್ಲ

ಎರಡು ಸಿಡಿ ಡ್ರೈವ್ ಇಟ್ಕೊಂಡಿದ್ದೀರಾ? ನಾನಿಟ್ಕೊಂಡಿದ್ದೆ, ಡಿ ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲ್ ಡಿಸ್ಕ್ ಯಾವಾಗ್ಲೂ ಇರ್ಲಿ, ಪದೇ ಪದೇ ಕೇಳತ್ತಲ್ಲ ಅಂತ, ಆಟ ಇ ಡ್ರೈವ್‌ನಲ್ಲಿ. ಆ ಕಾಲದ ತುಂಬಾ ಆಟಗಳು ಯಾವ ಡ್ರೈವ್ ಅಂತ ಹೇಳ್ದೆ ವಿಂಡೋಸ್‌ಗೆ ಬರೀ "ಸಿಡಿ ಆಡಿಯೋ ತೆಗಿ" ಅಂತ ಕೇಳ್ತಾವೆ, ವಿಂಡೋಸ್ ಮೊದಲ ಡ್ರೈವನ್ನ ತೆಗೆದು ಕೊಡತ್ತೆ. ಆಟದ ಡೇಟಾ ಇಯಿಂದ ಬರತ್ತೆ, ಹಾಡನ್ನ ಡಿಯಲ್ಲಿ ಹುಡುಕತ್ತೆ, ಅಲ್ಲಿ ಹಾಡಿಲ್ಲ, ಎರರೂ ಕೊಡದೆ ಸುಮ್ನಾಗತ್ತೆ. ಎರಡನೇ ಡ್ರೈವ್ ತೆಗೆದ್ಹಾಕಿ, ಇಲ್ಲಾಂದ್ರೆ ಆಟವನ್ನ ಮೊದಲ ಡ್ರೈವ್‌ಗೆ ಹಾಕಿ. ವಿಂಡೋಸ್ ಡಿಸ್ಕ್ ಕೇಳೋ ಕಾಟ ತಪ್ಪಿಸ್ಬೇಕು ಅಂದ್ರೆ ಅದ್ರ ಇನ್‌ಸ್ಟಾಲ್ ಫೋಲ್ಡರನ್ನ ಹಾರ್ಡ್ ಡಿಸ್ಕ್‌ಗೇ ಕಾಪಿ ಮಾಡ್ಕೊಳ್ಳಿ.

ಒಂದೇ ಡ್ರೈವ್ ಇದ್ದೂ ಬರ್ತಿಲ್ಲ ಅಂದ್ರೆ ಆಟದ ಸೆಟಪ್‌ನಲ್ಲಿ ಸಂಗೀತ ಎಲ್ಲಿಂದ ಅಂತ ಕೇಳಿರತ್ತೆ, ಮಿಡಿ (ಸೌಂಡ್ ಕಾರ್ಡೇ ನುಡಿಸೋ ಸಂಗೀತ) ಅಂತ ಇದ್ಯಾ ಸಿಡಿ ಅಂತ ಇದ್ಯಾ ನೋಡಿ. ಕಂಟ್ರೋಲ್ ಪ್ಯಾನೆಲ್‌ನ ಮಲ್ಟಿಮೀಡಿಯಾದ ಕೊನೇ ಟ್ಯಾಬಲ್ಲಿ ಮೀಡಿಯಾ ಕಂಟ್ರೋಲ್ ಡಿವೈಸಸ್ ಕೆಳಗೆ ಸಿಡಿ ಆಡಿಯೋ ಡಿವೈಸ್ ಇರ್ಬೇಕು, ಅದನ್ನೂ ಒಂದ್ಸಲ ನೋಡ್ಕೊಳ್ಳಿ. ಆಟವನ್ನ ಇನ್‌ಸ್ಟಾಲ್ ಮಾಡಿದ್ದು ಐಎಸ್ಒ ಇಂದ, ಆಮೇಲೆ ಕ್ಯೂಗೆ ಬದಲಾಯಿಸಿದ್ದು ಅಂದ್ರೆ ತೊಂದ್ರೆ ಇಲ್ಲ, ಮತ್ತೆ ಇನ್‌ಸ್ಟಾಲ್ ಬೇಡ.

ವಿಂಡೋಸ್ 3.1 ಓಡಿಸೋರಿಗೆ ಒಂದು ಮಾತು. ಅಲ್ಲಿ ಸಿಡಿ ಹಾಡಿನ ಡ್ರೈವರ್ ಡಿಸ್ಕ್‌ಗಳಲ್ಲಿ ಇರತ್ತೆ, ಆದ್ರೆ ತಾನಾಗೇ ಇನ್‌ಸ್ಟಾಲ್ ಆಗಿರಲ್ಲ. ಕಂಟ್ರೋಲ್ ಪ್ಯಾನೆಲ್, ಡ್ರೈವರ್ಸ್, ಆಡ್, ಅಲ್ಲಿ ಎಂಸಿಐ ಸಿಡಿ ಆಡಿಯೋ ಆರಿಸಿ. ಸಿಡಿ ಡ್ರೈವರೇ ಇಲ್ಲ ಅಂತ ಅದು ಹೇಳಿದ್ರೆ ವಿಂಡೋಸ್‌ಗೆ ಬರೋಕ್ಕಿಂತ ಮುಂಚೆ ಡಾಸ್‌ನಲ್ಲಿ ಸಿಡಿ ಡ್ರೈವ್ ತೋರಿಸೋ ಎಂಎಸ್‌ಸಿಡಿಎಕ್ಸ್ ಪ್ರೋಗ್ರಾಂ ಲೋಡ್ ಆಗಿಲ್ಲ ಅಂತ. ಕಾನ್ಫಿಗ್ ಫೈಲ್‌ನಲ್ಲಿ ಸಿಡಿ ಡ್ರೈವರ್‌ಗೆ ಕೊಟ್ಟ ಹೆಸರೂ, ಆಟೋಎಕ್ಸೆಕ್‌ನಲ್ಲಿ ಎಂಎಸ್‌ಸಿಡಿಎಕ್ಸ್‌ಗೆ ಕೊಟ್ಟ ಹೆಸರೂ ಒಂದೇ ಇರ್ಬೇಕು, ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಡ್ರೈವ್ ಕಾಣಲ್ಲ. ಆಮೇಲೆ ಮೀಡಿಯಾ ಪ್ಲೇಯರ್‌ನ ಡಿವೈಸ್ ಮೆನುನಲ್ಲಿ ಸಿಡಿ ಆಡಿಯೋ ಬರತ್ತೆ, ಕೌಂಟರ್ ಪರೀಕ್ಷೆ ಅಲ್ಲೇ ಮಾಡ್ಬಹುದು. ಡಾಸ್‌ಬಾಕ್ಸ್ ಒಳಗಿನ ಡಾಸ್‌ನಲ್ಲೇ 3.1 ಓಡಿಸ್ತಿದ್ರೆ ಎಂಎಸ್‌ಸಿಡಿಎಕ್ಸ್ ಕೆಲಸ ಅದೇ ನೋಡ್ಕೊಳ್ಳತ್ತೆ, ಡ್ರೈವರ್ ಸೇರಿಸೋದೊಂದೇ ಬಾಕಿ.

ಸದ್ದು ಬರತ್ತೆ, ಆದ್ರೆ ಸರಿಯಾಗಿಲ್ಲ

ಜೋರಾಗಿ ಬರೀ ಭರ್ರ್ ಅನ್ನೋ ಸದ್ದು, ರೇಡಿಯೋ ಸ್ಟೇಷನ್ ತಪ್ಪಿದ ಹಾಗೆ, ಹಾಡಿನ ಏರಿಳಿತದ ನೆರಳು ಎಲ್ಲೋ ಕೇಳ್ದಂಗಿರತ್ತೆ. ಹೆಡ್‌ಫೋನ್ ಹಾಕಿದ್ರೆ ಮೊದ್ಲು ತೆಗೀರಿ, ಕಿವಿಗೆ ಒಳ್ಳೇದಲ್ಲ. ಇದು ಬೈಟ್ ಹಿಂದುಮುಂದಾಗಿರೋದು. ಒಂದೊಂದು ಸ್ಯಾಂಪಲ್‌ಗೂ ಎರಡು ಬೈಟ್, ಯಾವುದು ಮೊದಲು ಅನ್ನೋದು ತಪ್ಪಿದ್ರೆ ಹಿಂಗಾಗತ್ತೆ. ಸಿಡಿಆರ್‌ಡಿಎಒದಲ್ಲಿ ತಿರುವು ಇದೆ ಅಂದ್ನಲ್ಲ, ಅದು ಇದೇ, ಅದು ಹಾಡಿನ ಬೈಟ್‌ಗಳನ್ನ ತಿರುಗಿಸಿ ಬರೆಯತ್ತೆ, ಕ್ಯೂಗೆ ಬದಲಾಯಿಸುವಾಗ ಮತ್ತೆ ತಿರುಗಿಸೋ ಆಯ್ಕೆ ಕೊಟ್ಟು ಮಾಡ್ಬೇಕು. ಡೇಟಾ ಟ್ರ್ಯಾಕ್‌ಗೆ ಇದು ಅನ್ವಯಿಸಲ್ಲ, ಅದಕ್ಕೇ ಆಟ ಏನೂ ಆಗ್ದಂಗೆ ಓಡ್ತಿರತ್ತೆ, ಹಾಡು ಮಾತ್ರ ಕೆಟ್ಟಿರತ್ತೆ.

ತಡೆದು ತಡೆದು ಬರ್ತಿದ್ರೆ ಎಮ್ಯುಲೇಟರ್ ಕಿಟಕಿಯ ಮೇಲ್ಗಡೆ ಶೇಕಡಾ ಅಂಕಿ ನೋಡಿ, 86ಬಾಕ್ಸ್‌ನಲ್ಲಿ ತೋರಿಸತ್ತೆ. 100ಕ್ಕಿಂತ ಕೆಳಗೆ ಇಳೀತಿದ್ರೆ ನಿಮ್ಮ ಕಂಪ್ಯೂಟರ್‌ಗೆ ಆ ಯಂತ್ರ ಭಾರ ಆಗ್ತಿದೆ. ಒಳಗಿನ ಪೆಂಟಿಯಂ ವೇಗ ಒಂದು ಮೆಟ್ಟಿಲು ಇಳಿಸಿ, ಆ ಆಟಕ್ಕೆ ಅಷ್ಟು ಬೇಕಾಗೂ ಇರಲ್ಲ. ಜಾಗ ಉಳಿಸೋಕೆ ಹಾಡುಗಳನ್ನ ಎಂಪಿ3 ಮಾಡಿ ಕ್ಯೂಗೆ ಸೇರಿಸಿದ್ರೆ ಅದೂ ಕಾರಣ ಆಗ್ಬಹುದು, ಆಟ ಹಾಡಿನ ನಡುವಿಗೆ ಹಾರೋಕೆ ಹೇಳಿದಾಗ ಎಂಪಿ3ಯಲ್ಲಿ ಸರಿಯಾದ ಜಾಗ ಹುಡುಕೋದು ಕಷ್ಟ. ಈಗ ಡಿಸ್ಕ್ ಜಾಗಕ್ಕೆ ಅಷ್ಟೊಂದು ಬರ ಇಲ್ಲ, ಬಿನ್ ಹಂಗೇ ಇಟ್ಕೊಳ್ಳಿ.

ಹಾಡು ಒಂದ್ಸಲ ಬಂದು ಮುಗಿದ್ಮೇಲೆ ಮತ್ತೆ ಶುರುವಾಗಲ್ಲ ಅಂದ್ರೆ ಆಟಕ್ಕೆ "ಮುಗೀತು" ಅನ್ನೋ ಸುದ್ದಿ ತಲುಪ್ತಿಲ್ಲ. ಆಟ ಆಗಾಗ ಡ್ರೈವನ್ನ ಎಲ್ಲಿದ್ದೀಯ, ಹಾಡ್ತಿದ್ದೀಯಾ ನಿಂತ್ಯಾ ಅಂತ ಕೇಳ್ತಿರತ್ತೆ, ಡ್ರೈವ್ ಕೊಡೋ ಉತ್ತರ ಎಮ್ಯುಲೇಟರ್‌ನಲ್ಲಿ ತಪ್ಪಿದ್ರೆ ಆಟ ಕಾಯ್ತಾನೇ ಇರತ್ತೆ. ಎಮ್ಯುಲೇಟರ್‌ನ ಹೊಸ ಆವೃತ್ತಿ ಹಾಕಿ ನೋಡಿ. ಡಾಸ್ ಆದ್ರೆ ಸಿಡಿ ಡ್ರೈವರ್ ಬದಲಾಯಿಸಿ, ಬೂಟ್ ಡಿಸ್ಕೆಟ್ಟಲ್ಲಿರೋ ಓಕ್ ಡ್ರೈವರ್ ಬದ್ಲು ವೈಡ್‌ಸಿಡಿಡಿ ಥರದ್ದು.

ಕೊನೇದು ನನ್ನನ್ನ ತುಂಬಾ ಕಾಡಿದ್ದು. ಹಾಡೆಲ್ಲಾ ಬರ್ತಿತ್ತು, ಆದ್ರೆ ಪ್ರತಿ ಹಾಡೂ ಶುರುವಾಗೋ ಮುಂಚೆ ಹಿಂದಿನ ಹಾಡಿನ ಬಾಲ ಎರಡು ಸೆಕೆಂಡ್ ಕೇಳ್ತಿತ್ತು. ಡೇಟಾ ಟ್ರ್ಯಾಕಿಗೂ ಮೊದಲ ಹಾಡಿಗೂ ನಡುವೆ ಎರಡು ಸೆಕೆಂಡ್ ಖಾಲಿ ಜಾಗ ಇರತ್ತೆ, 150 ಸೆಕ್ಟರ್, ಅಂದ್ರೆ 3,52,800 ಬೈಟ್. ಅದನ್ನ ಕ್ಯೂನಲ್ಲಿ ಎರಡು ರೀತಿ ಬರೀಬಹುದು. ಪ್ರೀಗ್ಯಾಪ್ ಅಂತ ಬರೆದ್ರೆ ಆ ಖಾಲಿ ಜಾಗ ಬಿನ್‌ನಲ್ಲಿ ಇಲ್ಲ, ಎಮ್ಯುಲೇಟರೇ ಸೇರಿಸ್ಕೋಬೇಕು ಅಂತ. ಇಂಡೆಕ್ಸ್ 00 ಅಂತ ಬರೆದ್ರೆ ಬಿನ್‌ನಲ್ಲೇ ಇದೆ ಅಂತ. ಬಿನ್ ಒಂದು ಥರ, ಕ್ಯೂ ಇನ್ನೊಂದು ಥರ ಆದ್ರೆ ಅಲ್ಲಿಂದ ಮುಂದಿನ ಹಾಡೆಲ್ಲಾ ಎರಡೆರಡು ಸೆಕೆಂಡ್ ಜರುಗತ್ತೆ. ನನ್ನ ಬಿನ್‌ನಲ್ಲಿ ಆ ಮೌನ ಇತ್ತು, ಕ್ಯೂ ಬರೆದ ಪ್ರೋಗ್ರಾಂ ಅದನ್ನ ಲೆಕ್ಕಕ್ಕೆ ತಗೊಳ್ದೆ ಪ್ರೀಗ್ಯಾಪ್ ಅಂತ ಬರೆದು ಮುಂದಿನ ಸಮಯಗಳನ್ನೆಲ್ಲ ಎರಡು ಸೆಕೆಂಡ್ ಮೊದ್ಲೇ ಇಟ್ಟಿತ್ತು. ಬಿನ್ನನ್ನ ಒಂದು ಆಡಿಯೋ ಎಡಿಟರ್‌ನಲ್ಲಿ 16 ಬಿಟ್, ಸ್ಟೀರಿಯೋ, 44,100 ಅಂತ ಕೊಟ್ಟು ಕಚ್ಚಾ ಡೇಟಾ ಥರ ತೆಗೆದು ನೋಡಿದ್ರೆ ಅಲೆಗಳ ನಡುವಿನ ಮೌನ ಕಣ್ಣಿಗೇ ಕಾಣತ್ತೆ, ಅದು ಯಾವ ಸಮಯದಲ್ಲಿ ಮುಗಿಯತ್ತೋ ಅದೇ ಇಂಡೆಕ್ಸ್ 01 ಆಗ್ಬೇಕು. ಪ್ರೀಗ್ಯಾಪ್ ಸಾಲು ಅಳಿಸಿ, ಅದ್ರ ಜಾಗದಲ್ಲಿ ಇಂಡೆಕ್ಸ್ 00 ಸೇರಿಸಿ, ಹನ್ನೊಂದು ಟ್ರ್ಯಾಕಿನ ಸಮಯಾನೂ ಎರಡೆರಡು ಸೆಕೆಂಡ್ ಮುಂದಕ್ಕೆ ತಳ್ಳಿ ಸೇವ್ ಮಾಡ್ದೆ. ಇಮೇಜನ್ನ ತೆಗೆದು ಮತ್ತೆ ಹಾಕಿದ್ಮೇಲೇನೇ ಹೊಸ ಕ್ಯೂ ಓದೋದು, ಅದನ್ನ ಮರೀಬೇಡಿ. ಆಮೇಲೆ ಆಟ ಶುರು ಮಾಡಿದ್ರೆ ಮೆನು ಬಂದ ಕೂಡ್ಲೇ ಹಾಡು ಮೊದಲ ಸ್ವರದಿಂದಾನೇ ಎತ್ಕೊಳ್ತು.